ಕೌಂಟಿ ಆಟ ಮುಗಿದರೇನು, ಊರಿನ ಆಟ ಇದೆಯಲ್ಲ!

(ಐರ್ಲೆಂಡಿನ ಮೇಯೊ ಕೌಂಟಿಯ, ಅಂದರೆ ಜಿಲ್ಲೆಯ, ಕ್ಯಾಸಲ್‌ಬಾರ್‌ನಲ್ಲಿ ನರ್ಸ್ ಆಗಿರುವ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮಗಳು, ಅಳಿಯ ಕ್ಯಾಸಲ್‌ಬಾರ್‌ನಲ್ಲಿದ್ದಾರೆ. ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಅಲ್ಲಿ ಗೇಲಿಕ್ ಫುಟ್‌ಬಾಲ್ ಅಂದರೆ ಜನಕ್ಕೆ ಹುಚ್ಚಂತೆ. ಡಬ್ಲಿನ್‌ಗೆ ಹೋಗಿ ದೊಡ್ಡ ಸ್ಟೇಡಿಯಂನಲ್ಲಿ ಒಂದು ಮ್ಯಾಚ್ ನೋಡೋಣ ಅನ್ನುತ್ತಾರೆ ನಮ್ಮವರು. ಆಟದ ತಲೆಬುಡ ಗೊತ್ತಿಲ್ಲದ ನನಗೆ ಅದು ಹಿಡಿಸುತ್ತಾ? – ಓದುಗರೊಬ್ಬರು, ಹಾಸನ

ಉತ್ತರ: ಡಬ್ಲಿನ್ ಆಸೆ ಬಿಡಿ ತಾಯಿ. ನೀವು ಬರುವ ಹೊತ್ತಿಗೆ ಕೌಂಟಿ ತಂಡಗಳ ಆಟ ಮುಗಿದಿರುತ್ತದೆ, ಅವರ ಫೈನಲ್ ಜುಲೈನಲ್ಲೇ. ಆಮೇಲೆ ಶುರುವಾಗುವುದು ಊರೂರಿನ ಕ್ಲಬ್ ಚಾಂಪಿಯನ್‌ಶಿಪ್. ನನ್ನನ್ನು ಕೇಳಿದರೆ ನೋಡಬೇಕಾದ್ದು ಅದೇ.

ಇಲ್ಲಿ ಆಡುವ ಯಾರಿಗೂ ಸಂಬಳ ಇಲ್ಲ. ನನ್ನ ಕಾರಿಗೆ ಟೈರ್ ಹಾಕಿಕೊಟ್ಟ ಹುಡುಗ ಭಾನುವಾರ ಗೋಲ್ ಕಾಯುತ್ತಾನೆ. ಮಗಳ ಸ್ಕೂಲಿನ ಮೇಷ್ಟ್ರು ಅವನ ಮುಂದೆ ನಿಂತು ತಡೆಯುವ ಫುಲ್ ಬ್ಯಾಕ್. ಯಾರು ಯಾರ ಮಗ, ಯಾರ ಅಳಿಯ ಅಂತ ಎಲ್ಲರಿಗೂ ಗೊತ್ತು. ನಮ್ಮ ಕಡೆ ಊರಹಬ್ಬದ ಕಬಡ್ಡಿಯಲ್ಲಿ ಇರುತ್ತದಲ್ಲ, ಆ ಥರದ ಕಾವು.

ಆಟ ಅರ್ಥವಾಗೋಕೆ ಜಾಸ್ತಿ ಹೊತ್ತು ಬೇಡ. ಒಂದೊಂದು ತಂಡದಲ್ಲಿ 15 ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಕೈಯಲ್ಲಿ ಹಿಡಿದು 4 ಹೆಜ್ಜೆ ಓಡಬಹುದು, ಅಷ್ಟರಲ್ಲಿ ನೆಲಕ್ಕೆ ಪುಟಿಸಬೇಕು ಅಥವಾ ಪಾದದ ಮೇಲೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ನಿಮ್ಮ ಹಿಂದಿನ ಸಾಲಿನ ಅಜ್ಜ ‘ಸ್ಟೆಪ್ಸ್, ರೆಫ್! ಸ್ಟೆಪ್ಸ್!’ ಅಂತ ರೆಫ್ರಿ ಮೇಲೆ ಗಂಟಲು ಹರಿದುಕೊಂಡರೆ, ಐದನೇ ಹೆಜ್ಜೆ ಅವರ ಕಣ್ಣಿಗೆ ಬಿತ್ತು ಅಂತ ಅರ್ಥ. ನಮ್ಮ ತಂಡದವನು ಏಳು ಹೆಜ್ಜೆ ಓಡಿದರೂ ಅಜ್ಜನಿಗೆ ಕಾಣುವುದಿಲ್ಲ, ಅದು ಬೇರೆ ಮಾತು.

ಲೆಕ್ಕ ಹಿಡಿಯಲು ಗೋಲ್ ಕಂಬದ ಪಕ್ಕ ಬಿಳಿ ಕೋಟು ಹಾಕಿ ನಿಂತ ಅಂಪೈರ್‌ಗಳನ್ನು ನೋಡುತ್ತಿರಿ. ಚೆಂಡು ಬಲೆಯೊಳಗೆ ಹೋದರೆ ಹಸಿರು ಬಾವುಟ, ಅದು ಗೋಲ್, 3 ಪಾಯಿಂಟ್. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿದರೆ ಬಿಳಿ ಬಾವುಟ, 1 ಪಾಯಿಂಟ್. 2025ರಿಂದ ಕಿತ್ತಳೆ ಬಾವುಟವೂ ಬಂದಿದೆ. 40 ಮೀಟರಿನ ಕಮಾನು ಗೆರೆಯ ಹೊರಗಿಂದ ಹಾಗೆ ಹಾರಿಸಿದರೆ 2. ಬೋರ್ಡಿನಲ್ಲಿ 1-12 ಅಂತ ಕಂಡರೆ ಒಂದು ಗೋಲ್, ಹನ್ನೆರಡು ಪಾಯಿಂಟ್, ಒಟ್ಟು 15. ಹಾಗಾಗಿ 0-16 ಮಾಡಿದವರು ಗೆದ್ದಂತೆ. ಮೊದಮೊದಲು ತಲೆ ಕೆಡುತ್ತೆ, ಬೆರಳೆಣಿಸಿಕೊಂಡು ಕೂತರೆ ಆಯಿತು.

ಇನ್ನೊಂದು ಗುಟ್ಟು. ಕ್ಯಾಸಲ್‌ಬಾರ್ ಮಿಚೆಲ್ಸ್ ತಂಡದ ಬಣ್ಣ ಏನು ಗೊತ್ತಾ? ಕೆಂಪು, ಹಳದಿ! ರಾಜ್ಯೋತ್ಸವದ ಶಾಲನ್ನು ಹೆಗಲಿಗೆ ಹಾಕಿಕೊಂಡು ಹೋದರೂ ನಡೆಯುತ್ತೆ. ನಾನು ಹಾಕಿಕೊಂಡೇ ಹೋಗುವುದು. ಯಾರೂ ಏನೂ ಕೇಳಿಲ್ಲ, ಒಬ್ಬ ಅಜ್ಜಿ ಮಾತ್ರ ಎಲ್ಲಿ ಸಿಗುತ್ತೆ ಅಂದರು.

ಪ್ರಶ್ನೆ: ನಾನು ಗಾಲ್ವೇಯಲ್ಲಿ ಎಂ.ಎಸ್. ಓದುತ್ತಿದ್ದೇನೆ. ಒಬ್ಬನೇ ಹೋದರೆ ಮುಜುಗರ ಆಗುತ್ತಾ? ಎದುರಾಳಿ ಕಡೆಯವರ ಮಧ್ಯೆ ಕೂತುಬಿಟ್ಟರೆ? – ವಿದ್ಯಾರ್ಥಿ, ಗಾಲ್ವೇ

ಉತ್ತರ: ಕೂತರೆ ಕೂತೆ ಬಿಡಪ್ಪಾ! ಇಲ್ಲಿ ಆ ಕಡೆ ಈ ಕಡೆ ಅಂತ ಬೇಲಿ ಹಾಕಿ ಕೂರಿಸುವುದಿಲ್ಲ. ಎರಡೂ ಊರಿನವರು ಒಂದೇ ಸಾಲಿನಲ್ಲಿ ಕೂತು ಬೈದಾಡಿಕೊಂಡು ಚಹಾ ಹಂಚಿಕೊಳ್ಳುತ್ತಾರೆ. ಬೈಗುಳದ ಹೆಚ್ಚು ಪಾಲು ರೆಫ್ರಿಗೇ ಹೋಗುತ್ತದೆ, ಪಾಪ. ಪಕ್ಕದವರನ್ನು ‘ಆ ಏಳನೇ ನಂಬರ್ ಯಾರು?’ ಅಂತ ಒಂದು ಸಲ ಕೇಳಿ ನೋಡು. ಅವನ ತಾತನ ಕಾಲದಿಂದ ಶುರುಮಾಡುತ್ತಾರೆ. ನಿನ್ನೂರು ಯಾವುದು, ಅಲ್ಲಿ ಏನು ಆಡುತ್ತೀರಿ ಅಂತಲೂ ಕೇಳುತ್ತಾರೆ.

ನಮ್ಮ ಮೇಯೊ ಕಡೆ ಬಂದರೆ ಮಾತ್ರ 1951 ಅನ್ನಬೇಡ. ಮೇಯೊ ಕೌಂಟಿ ತಂಡ ಆಲ್ ಐರ್ಲೆಂಡ್ ಕಪ್ ಕೊನೆಗೆ ಗೆದ್ದಿದ್ದು ಆ ವರ್ಷ. ಆಮೇಲೆ ಫೈನಲ್‌ಗೆ ಹೋಗಿ ಹೋಗಿ ಸೋತಿದ್ದೇ ಆಯಿತು. ನೀನು ಕೂತಿರೋದು ಗಾಲ್ವೇಯಲ್ಲಿ, ಪಕ್ಕದ ಕೌಂಟಿ. ಅಲ್ಲಿಂದ ಬಂದವನ ಬಾಯಲ್ಲಿ ಆ ಮಾತು ಬಂದರೆ ಚಹಾ ಸಿಗೋದು ಕಷ್ಟ.

ಪ್ರಶ್ನೆ: ಟಿಕೆಟ್, ತಿಂಡಿ, ಬಟ್ಟೆ? – ಗೃಹಿಣಿ, ಡಬ್ಲಿನ್

ಉತ್ತರ: ಟಿಕೆಟ್ ಮೊಬೈಲಿನಲ್ಲೇ ತಗೊಳ್ಳಿ. ಎಷ್ಟೋ ಕಡೆ ಗೇಟಿನಲ್ಲಿ ನೋಟು ಮುಟ್ಟುವುದಿಲ್ಲ. ಪ್ರೋಗ್ರಾಂ ಪುಸ್ತಕ ಮಾರುತ್ತಿದ್ದರೆ ಬಿಡಬೇಡಿ, ಹೆಸರು, ನಂಬರ್ ಎಲ್ಲ ಅದರಲ್ಲೇ ಇರುತ್ತೆ. ಚಿಲ್ಲರೆ ಅದಕ್ಕೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವುದು ಚಹಾ, ಚಾಕೊಲೇಟ್, ಚಿಪ್ಸ್ ಅಷ್ಟೇ. ಸಸ್ಯಾಹಾರಿಗಳು ಮನೆಯಿಂದ ಚಪಾತಿ ಸುರುಳಿ ಕಟ್ಟಿಕೊಂಡು ಹೋಗಿ. ಸಣ್ಣ ಮೈದಾನಗಳಲ್ಲಿ ಸೀಟೂ ಇರುವುದಿಲ್ಲ, ಕಂಬಿ ಹಿಡಿದು ನಿಲ್ಲಬೇಕು. ಕೊಡೆ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ಟೋಪಿ ಇರುವ ಮಳೆಕೋಟೇ ಹಾಕಿ. ಮಕ್ಕಳಿಗೆ ಒಂದು ಚೆಂಡು ಕೊಟ್ಟು ಕಳಿಸಿ. ಹಾಫ್ ಟೈಮಿನಲ್ಲಿ ಎಷ್ಟೋ ಕಡೆ ಊರ ಮಕ್ಕಳೆಲ್ಲ ಮೈದಾನಕ್ಕೆ ನುಗ್ಗಿ ಆಡುತ್ತವೆ. ಎರಡನೇ ಅರ್ಧಕ್ಕೆ ಅವುಗಳನ್ನು ಹೊರಗೆ ಕರೆತರುವುದು ಮಾತ್ರ ನಿಮ್ಮ ಪಾಡು.