ಕರೆಂಟ್ ನಾಬ್ ಎಷ್ಟು ತಿರುಗಿಸಿದರೂ 0.00 ಅಂತಲೇ ತೋರಿಸುತ್ತದೆ. ನನ್ನ ಹೊಸ ಬೆಂಚ್ ಪವರ್ ಸಪ್ಲೈ ಹಾಳಾಗಿದೆಯೇ? ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ?

ನಿಮ್ಮ ಸಪ್ಲೈ, ಅಂದರೆ ಮೇನ್ಸಿನಿಂದ ಬೇಕಾದ ವೋಲ್ಟೇಜು ಮಾಡಿ ಬೋರ್ಡಿಗೆ ಕೊಡುವ ಆ ಪೆಟ್ಟಿಗೆ, ಚೆನ್ನಾಗಿಯೇ ಇದೆ, ದಯವಿಟ್ಟು ವಾಪಸ್ ಕಳಿಸಬೇಡಿ. ಏನನ್ನೂ ಜೋಡಿಸದೆ ಕರೆಂಟ್ ನಾಬನ್ನು ಕೊನೆವರೆಗೆ ತಿರುಗಿಸಿದರೂ ಡಿಸ್‌ಪ್ಲೇ 0.00 ತೋರಿಸುತ್ತದೆ ಅಂತ ಬರೆದಿದ್ದೀರಿ. ಸಾಗರದ ಹತ್ತಿರ ನಿಮ್ಮ ತೋಟದ ಸೋಲಾರ್ ಬೇಲಿ ಮಷೀನಿನ ಬೋರ್ಡಿಗೆ 12 ವೋಲ್ಟ್, 1 ಆಂಪಿಯರ್ ಇಟ್ಟು ಕೊಟ್ಟ ಕೂಡಲೇ ವೋಲ್ಟೇಜು 0.4ಕ್ಕೆ ಕುಸಿದು ಸಿ.ಸಿ. ಅನ್ನುವ ಕೆಂಪು ದೀಪ ಹತ್ತುತ್ತದೆ ಅಂತಲೂ ಬರೆದಿದ್ದೀರಿ. ಈ ಎರಡು ಲಕ್ಷಣಗಳೂ ಸಪ್ಲೈ ಸರಿಯಿದೆ ಅನ್ನುವುದಕ್ಕೇ ಗುರುತು. ಕೆಟ್ಟಿರುವುದು ಬೋರ್ಡು.

ನಾನು ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡವನು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಮಳೆ ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಸಿಡಿಲು ಹೊಡೆದ ಬೋರ್ಡುಗಳು ಕೈಚೀಲದಲ್ಲಿ ಬರುತ್ತಲೇ ಇರುತ್ತವೆ. ಆ ಬೋರ್ಡುಗಳನ್ನು ಉಳಿಸಿಕೊಳ್ಳಲು ನನಗೆ ಸೋಲ್ಡರಿಂಗ್ ಐರನ್‌ಗಿಂತ ಹೆಚ್ಚು ನೆರವಾಗಿರುವುದು ಈಗ ನಿಮ್ಮನ್ನು ಗಾಬರಿಪಡಿಸಿರುವ ಆ ಕರೆಂಟ್ ನಾಬೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆ ನಾಬ್ ಕರೆಂಟನ್ನು ಹೊರಗೆ ತಳ್ಳುವುದಿಲ್ಲ. ಇಷ್ಟರ ಮೇಲೆ ಹೋಗಕೂಡದು ಅಂತ ಗಡಿ ಹಾಕುತ್ತದೆ, ಅಷ್ಟೇ. ಎಷ್ಟು ಕರೆಂಟ್ ಎಳೆಯಬೇಕು ಅನ್ನುವುದು ನೀವು ಜೋಡಿಸಿದ ವಸ್ತುವಿನ ಕೈಯಲ್ಲಿದೆ. ಏನೂ ಜೋಡಿಸದಿದ್ದರೆ ಎಳೆಯುವವರೇ ಇಲ್ಲ, ಹಾಗಾಗಿ 0.00. ನಮ್ಮ ಕಡೆ ರಿಪೇರಿಯವರೆಲ್ಲ ಸೀರೀಸ್ ಬೋರ್ಡ್ ಇಟ್ಟುಕೊಂಡಿರುತ್ತಾರಲ್ಲ, 100 ವ್ಯಾಟಿನ ಹಳೇ ಬಲ್ಬನ್ನು ಮೇನ್ಸ್ ದಾರಿಯಲ್ಲಿ ಅಡ್ಡ ಹಾಕಿದ್ದು? ಅದರ ಉದ್ದೇಶವೂ ಇದೇ. ಟಿವಿ ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಕರೆಂಟ್ 0.43 ಆಂಪಿಯರ್ ದಾಟುವುದಿಲ್ಲ, ಫ್ಯೂಸ್ ಉಳಿಯುತ್ತದೆ. ಬೆಂಚ್ ಸಪ್ಲೈಯಲ್ಲಿ ಆ ಬಲ್ಬನ್ನು ನಿಮಗೆ ಬೇಕಾದ ಅಳತೆಗೆ ತಿರುಗಿಸಿಕೊಳ್ಳಬಹುದು.

ಗಡಿಯನ್ನು ಇಡುವ ಕ್ರಮ ಹೀಗೆ. ವೋಲ್ಟೇಜನ್ನು ಒಂದೆರಡು ವೋಲ್ಟಿಗೆ ಇಳಿಸಿ, ಕೆಂಪು ಮತ್ತು ಕಪ್ಪು ಕ್ಲಿಪ್ ಎರಡನ್ನೂ ಒಂದಕ್ಕೊಂದು ಕಚ್ಚಿಸಿ. ಹೆದರಬೇಡಿ, ಏನೂ ಆಗುವುದಿಲ್ಲ. ಈಗ ಕರೆಂಟ್ ನಾಬ್ ತಿರುಗಿಸಿದರೆ ಡಿಸ್‌ಪ್ಲೇ ಏರುತ್ತದೆ. 0.10 ಬೇಕಾದರೆ ಅಲ್ಲಿಗೆ ನಿಲ್ಲಿಸಿ, ಕ್ಲಿಪ್ ಬಿಡಿಸಿ, ವೋಲ್ಟೇಜನ್ನು ಬೇಕಾದಲ್ಲಿಗೆ ತನ್ನಿ. ಕೆಲವು ಮಾಡೆಲ್‌ಗಳಲ್ಲಿ ಒಂದು ಬಟನ್ ಒತ್ತಿದರೆ ಶಾರ್ಟ್ ಮಾಡದೆಯೇ ಗಡಿ ಕಾಣಿಸುತ್ತದೆ. ನಿಮ್ಮದರಲ್ಲಿ ಅದಿದ್ದರೆ ಇನ್ನೂ ಸುಲಭ.

ಸಿ.ವಿ., ಸಿ.ಸಿ. ದೀಪಗಳ ವಿಷಯ. ಸಿ.ವಿ. ಅಂದರೆ ವೋಲ್ಟೇಜನ್ನು ಕದಲದಂತೆ ಹಿಡಿದಿದ್ದೇನೆ ಅಂತ, ಸಿ.ಸಿ. ಅಂದರೆ ಕರೆಂಟನ್ನು ಹಿಡಿದಿದ್ದೇನೆ ಅಂತ. ಎರಡನ್ನೂ ಒಟ್ಟಿಗೆ ಹಿಡಿಯಲು ಯಾವ ಸಪ್ಲೈಗೂ ಆಗದು, ಓಮ್‌ನ ನಿಯಮ ಬಿಡುವುದಿಲ್ಲ. 12 ವೋಲ್ಟ್, 0.5 ಆಂಪಿಯರ್ ಇಟ್ಟಿದ್ದೀರಿ ಅಂದುಕೊಳ್ಳಿ. 12ನ್ನು 0.5ರಿಂದ ಭಾಗಿಸಿದರೆ 24 ಓಮ್. ಜೋಡಿಸಿದ ಲೋಡು 24 ಓಮಿಗಿಂತ ಹೆಚ್ಚಿದ್ದರೆ 12 ವೋಲ್ಟ್ ಪೂರ್ತಿ ಸಿಗುತ್ತದೆ, ಸಿ.ವಿ. ದೀಪ. 24ಕ್ಕಿಂತ ಕಡಿಮೆ ಇದ್ದರೆ ಕರೆಂಟ್ 0.5ಕ್ಕೆ ನಿಂತು ವೋಲ್ಟೇಜ್ ಇಳಿಯುತ್ತದೆ, ಸಿ.ಸಿ. ದೀಪ. 10 ಓಮ್ ರೆಸಿಸ್ಟರ್ ಹಾಕಿ ನೋಡಿ, ಸರಿಯಾಗಿ 5 ವೋಲ್ಟಿಗೆ ಬಂದು ನಿಲ್ಲುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದಕ್ಕಿಂತ ಇದನ್ನು ಒಮ್ಮೆ ಕಣ್ಣಾರೆ ನೋಡುವುದು ಮೇಲು. ರೆಸಿಸ್ಟರ್ 5 ವ್ಯಾಟಿನದ್ದಿರಲಿ, ಕಾಲು ವ್ಯಾಟಿನದ್ದು ಸುಟ್ಟು ಹೋಗುತ್ತದೆ.

ಇನ್ನು ಪೆಟ್ಟಿಗೆಯ ಒಳಗೆ. ಎತ್ತಿದರೆ ಭಾರವಾಗಿರುವ ಹಳೇ ಮಾದರಿಯದ್ದು ಲೀನಿಯರ್. ಅದರಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್, 230 ವೋಲ್ಟನ್ನು ಸುಮಾರು 24 ವೋಲ್ಟ್ ಎ.ಸಿ.ಗೆ ಇಳಿಸುತ್ತದೆ. ಆಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡಿನ ಬ್ರಿಡ್ಜ್, ಅದು ಎ.ಸಿ.ಯನ್ನು ಡಿ.ಸಿ. ಮಾಡುತ್ತದೆ, ಅದರ ಹಿಂದೆ ಚಹಾ ಲೋಟದಷ್ಟು ದಪ್ಪದ ಕೆಪಾಸಿಟರ್. 24 ವೋಲ್ಟ್ ಎ.ಸಿ.ಯ ತುದಿ 34 ವೋಲ್ಟ್ ಮುಟ್ಟುತ್ತದೆ, ಡಯೋಡುಗಳು ಒಂದೂವರೆ ತಿಂದರೆ 32 ಚಿಲ್ಲರೆ ಉಳಿಯುತ್ತದೆ. ಕೆಪಾಸಿಟರ್ 10,000 ಮೈಕ್ರೊಫ್ಯಾರಡ್ ಇದ್ದರೂ 3 ಆಂಪಿಯರ್ ಎಳೆದಾಗ ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆ 3 ವೋಲ್ಟ್ ಏರಿಳಿಯುತ್ತದೆ. ಇಷ್ಟು ಒರಟು ಕರೆಂಟನ್ನು ಬೋರ್ಡಿಗೆ ಕೊಡುವಂತಿಲ್ಲ.

ಅದನ್ನು ಪಳಗಿಸುವುದು ಹೀಟ್‌ಸಿಂಕ್ ಮೇಲೆ ಕೂತಿರುವ ದಪ್ಪ ಟ್ರಾನ್ಸಿಸ್ಟರು. ಹಳೆಯ ಸಪ್ಲೈಗಳಲ್ಲಿ ಹೆಚ್ಚಾಗಿ 2ಎನ್3055, ವಜ್ರದಾಕಾರದ ಲೋಹದ ಟೋಪಿಯಂಥದ್ದು. ಅದು ತೋಟದ ಪೈಪಿನ ಗೇಟ್ ವಾಲ್ವ್ ಇದ್ದ ಹಾಗೆ, ಕರೆಂಟೆಲ್ಲ ಅದರ ಮೂಲಕವೇ ಹೊರಗೆ ಹೋಗಬೇಕು. ಆ ವಾಲ್ವಿನ ಹಿಡಿಯನ್ನು ಇಬ್ಬರು ಹಿಡಿದಿರುತ್ತಾರೆ. ಒಂದು ಆಪ್ ಆಂಪ್ (ಎರಡು ವೋಲ್ಟೇಜುಗಳ ವ್ಯತ್ಯಾಸ ನೋಡುವ ಐಸಿ) ಹೊರಗಿನ ವೋಲ್ಟೇಜನ್ನು ನೀವು ನಾಬಿನಲ್ಲಿ ಇಟ್ಟ ಮಟ್ಟದ ಜೊತೆ ಹೋಲಿಸುತ್ತಾ ಇರುತ್ತದೆ. ಇನ್ನೊಂದು ಆಪ್ ಆಂಪ್ ಕರೆಂಟನ್ನು ನೋಡುತ್ತದೆ. ಕರೆಂಟಿನ ದಾರಿಯಲ್ಲಿ 0.1 ಓಮಿನಂಥ ಸಣ್ಣ ರೆಸಿಸ್ಟರ್ ಇಟ್ಟಿರುತ್ತಾರೆ, 3 ಆಂಪಿಯರ್ ಹರಿದರೆ ಅದರ ಮೇಲೆ 0.3 ವೋಲ್ಟ್ ಕಾಣಿಸುತ್ತದೆ. ಎರಡರ ಮಾತೂ ಡಯೋಡುಗಳ ಮೂಲಕ ಟ್ರಾನ್ಸಿಸ್ಟರಿಗೆ ತಲುಪುತ್ತದೆ, ಹೆಚ್ಚು ಮುಚ್ಚು ಅಂದವರ ಮಾತೇ ನಡೆಯುತ್ತದೆ. ಸಿ.ವಿ. ದೀಪ ಹೋಗಿ ಸಿ.ಸಿ. ದೀಪ ಬಂತು ಅಂದರೆ ಹಿಡಿ ಮೊದಲನೆಯವನಿಂದ ಎರಡನೆಯವನ ಕೈಗೆ ಹೋಯಿತು ಅಂತ ಅರ್ಥ. ಇಡೀ ಯಂತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಯಾವ ಸ್ವಿಚ್ಚೂ ಇಲ್ಲದೆ ಅಧಿಕಾರ ಕೈ ಬದಲಾಗುತ್ತದೆ.

ಈ ಪದ್ಧತಿಗೆ ತೆರಬೇಕಾದ ಬೆಲೆ ಶಾಖ. ಒಳಗೆ 32 ವೋಲ್ಟ್ ಇದ್ದು ನೀವು 5 ವೋಲ್ಟಿನಲ್ಲಿ 3 ಆಂಪಿಯರ್ ಎಳೆದರೆ, ಮಿಕ್ಕ 27 ವೋಲ್ಟನ್ನು ಟ್ರಾನ್ಸಿಸ್ಟರೇ ನುಂಗಬೇಕು. 27 ಸಲ 3 ಅಂದರೆ 81 ವ್ಯಾಟ್. ನಿಮ್ಮ ಬೋರ್ಡಿಗೆ ಹೋಗಿದ್ದು ಬರೀ 15. ಅದಕ್ಕೇ ಕಡಿಮೆ ವೋಲ್ಟ್, ಜಾಸ್ತಿ ಕರೆಂಟಿನಲ್ಲಿ ಲೀನಿಯರ್ ಸಪ್ಲೈ ಹೆಚ್ಚು ಬಿಸಿಯಾಗುತ್ತದೆ. ವೋಲ್ಟೇಜ್ ನಾಬ್ ತಿರುಗಿಸುವಾಗ ಒಳಗೆ ಟಕ್ ಅಂತ ಸದ್ದು ಬಂದರೆ ಅದು ರಿಲೇ, ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್. ಟ್ರಾನ್ಸ್‌ಫಾರ್ಮರಿನ ಬೇರೆ ಟ್ಯಾಪಿಗೆ (ಕಡಿಮೆ ಅಥವಾ ಹೆಚ್ಚು ವೋಲ್ಟಿನ ತಂತಿಗೆ) ಬದಲಿಸಿ ಈ ಶಾಖವನ್ನು ತಗ್ಗಿಸುತ್ತದೆ. ಕೈಯಲ್ಲಿ ಹಗುರವಾಗಿರುವ ಸ್ವಿಚಿಂಗ್ ಮಾದರಿಗಳು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ ಕೊಡುವುದರಿಂದ ಅಷ್ಟು ಬಿಸಿಯಾಗುವುದಿಲ್ಲ, ಆದರೆ ಔಟ್‌ಪುಟ್‌ನಲ್ಲಿ ಗೊರಗೊರ ಜಾಸ್ತಿ. ಡಿಜಿಟಲ್ ಬೋರ್ಡಿಗೆ ಪರವಾಗಿಲ್ಲ. ಆಂಪ್ಲಿಫೈಯರ್, ರೇಡಿಯೊ ಕೆಲಸಕ್ಕೆ ನಾನು ಈಗಲೂ ಲೀನಿಯರನ್ನೇ ಹಚ್ಚುತ್ತೇನೆ.

ಮಲೆನಾಡಿನವರಿಗೆ ಒಂದು ವಿಷಯ ಬೇರೆಯಾಗಿ ಹೇಳಬೇಕು. ಸಂಜೆ ಪಂಪುಗಳು ಓಡುವಾಗ ಲೈನಿನ ತುದಿಯ ಹಳ್ಳಿಯಲ್ಲಿ 180 ವೋಲ್ಟ್ ಸಿಕ್ಕರೆ ನಮ್ಮ 24 ವೋಲ್ಟ್ 19ಕ್ಕೆ ಇಳಿಯುತ್ತದೆ, ಕೆಪಾಸಿಟರ್ ಮೇಲೆ 25ರಷ್ಟು ಮಾತ್ರ. ಆಗ 28 ಕೇಳಿದರೆ ಸಪ್ಲೈ ಎಲ್ಲಿಂದ ಕೊಟ್ಟೀತು? ವೋಲ್ಟೇಜೂ ಇಳಿಯುತ್ತದೆ, ಮೇನ್ಸಿನ ಗುಂಯ್ ಸದ್ದೂ ಔಟ್‌ಪುಟ್‌ಗೆ ಬರುತ್ತದೆ. 12 ವೋಲ್ಟಿನ ಕೆಲಸಕ್ಕೆ ಇದು ಗೊತ್ತೇ ಆಗುವುದಿಲ್ಲ. ಹಿಂಬದಿಯಲ್ಲಿ 110, 220 ಅನ್ನುವ ಸಣ್ಣ ಸ್ವಿಚ್ ಇದ್ದರೆ ಅದು 220ರಲ್ಲಿರುವುದನ್ನು ಇವತ್ತೇ ನೋಡಿಕೊಳ್ಳಿ. ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಮುಂದಿನ ಹಸಿರು ಟರ್ಮಿನಲ್ ಮೈನಸ್ ಅಲ್ಲ, ಅದು ಪೆಟ್ಟಿಗೆಯ ಅರ್ತ್. ಲೋಡನ್ನು ಕೆಂಪು ಮತ್ತು ಕಪ್ಪಿನ ನಡುವೆಯೇ ಕಟ್ಟಬೇಕು.

ಕರೆಂಟ್ ಗಡಿ ಇಟ್ಟಿದ್ದೇನಲ್ಲ ಅಂತ ಎಲ್ಲಕ್ಕೂ ಧೈರ್ಯ ಮಾಡಬೇಡಿ. ಗಡಿಯ ಆಚೆ, ಟರ್ಮಿನಲ್ಲಿಗೆ ಅಂಟಿಕೊಂಡಂತೆ ಒಂದು ಔಟ್‌ಪುಟ್ ಕೆಪಾಸಿಟರ್ ಇರುತ್ತದೆ. 12 ವೋಲ್ಟ್ ತುಂಬಿಕೊಂಡು ಕೂತಿರುವಾಗ ನೀವು ಒಂದು ಎಲ್ಇಡಿಯನ್ನು ನೇರ ಮುಟ್ಟಿಸಿದರೆ, ಗಡಿ 20 ಮಿಲಿಆಂಪಿಯರ್ ಇದ್ದರೂ ಆ ಕೆಪಾಸಿಟರಿನಲ್ಲಿದ್ದದ್ದೆಲ್ಲ ಒಂದೇ ಸಲ ಎಲ್ಇಡಿಯೊಳಗೆ ನುಗ್ಗುತ್ತದೆ. ಹೀಗೆ ನಾನು ಕಲಿಯುವ ದಿನಗಳಲ್ಲಿ ಎಷ್ಟೋ ಎಲ್ಇಡಿ ಸುಟ್ಟಿದ್ದೇನೆ. ಮೊದಲು ಜೋಡಿಸಿ, ಆಮೇಲೆ ಔಟ್‌ಪುಟ್ ಬಟನ್ ಒತ್ತಿ. ಬಟನ್ ಇಲ್ಲದಿದ್ದರೆ ವೋಲ್ಟೇಜನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ.

ಬೇಲಿ ಮಷೀನಿನ ಬ್ಯಾಟರಿಯನ್ನೂ ಇದರಲ್ಲೇ ಚಾರ್ಜ್ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. 7 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಆದರೆ 13.6 ವೋಲ್ಟ್, 0.7 ಆಂಪಿಯರ್ ಇಡಿ. ಮೊದಲು ಸಿ.ಸಿ.ಯಲ್ಲಿ ಓಡಿ, ತುಂಬುತ್ತಾ ಬಂದಂತೆ ತಾನಾಗಿ ಸಿ.ವಿ.ಗೆ ಬಂದು ಕರೆಂಟ್ ಇಳಿಯುತ್ತದೆ. ಆದರೆ ನಡುವೆ ಕರೆಂಟ್ ಹೋದರೆ ಬ್ಯಾಟರಿಯೇ ಸಪ್ಲೈಯೊಳಕ್ಕೆ ಹಿಂದಿನಿಂದ ಹರಿಯತೊಡಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಇದು ದಿನದ ಮಾತು. ಪ್ಲಸ್ ವೈರಿನಲ್ಲಿ ಒಂದು ಡಯೋಡ್ ಹಾಕಿ, ಅದರಲ್ಲಿ ಬೀಳುವ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆದು ಅಷ್ಟು ಏರಿಸಿಕೊಳ್ಳಿ. ಪ್ಲಸ್ ಮೈನಸ್ ಅದಲುಬದಲಾಗದಂತೆ ಎರಡು ಸಲ ನೋಡಿ.

ಈಗ ನಿಮ್ಮ ಬೋರ್ಡಿಗೆ ಬರೋಣ. ಹೋದ ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಇದೇ ಲಕ್ಷಣದ ಬೋರ್ಡು ತಂದಿದ್ದರು. ರಾತ್ರಿ ಹಂದಿ ನುಗ್ಗಿ ಸಸಿ ಹಾಳು ಮಾಡುತ್ತಿವೆ, ಇವತ್ತೇ ಆಗಬೇಕು ಅಂದರು. ಈ ಮಷೀನುಗಳ ದೊಡ್ಡ ಕೆಪಾಸಿಟರಿನಲ್ಲಿ ಕೆಲವು ನೂರು ವೋಲ್ಟ್ ಉಳಿದಿರಬಹುದು, ಹಾಗಾಗಿ ಮೊದಲು ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿಕೊಂಡೆ. ನೀವೂ ಇದನ್ನು ಬಿಡಬೇಡಿ. ಆಮೇಲೆ ಸಪ್ಲೈಯನ್ನು ಬರೀ 1 ವೋಲ್ಟಿಗೆ ಇಟ್ಟೆ, ಗಡಿ 1 ಆಂಪಿಯರ್. 1 ವೋಲ್ಟಿನಲ್ಲಿ ಮಷೀನು ಎಚ್ಚರವಾಗುವುದಿಲ್ಲ, ಶಾರ್ಟ್ ಇದ್ದಕ್ಕಿದ್ದಂತೆ ಬಿಟ್ಟುಕೊಂಡರೂ ಚೆನ್ನಾಗಿರುವ ಐಸಿಗಳಿಗೆ ಏಟು ಬೀಳುವುದಿಲ್ಲ. ಬೋರ್ಡಿಗೆ ಕೊಟ್ಟಾಗ ಡಿಸ್‌ಪ್ಲೇ 0.35 ವೋಲ್ಟ್ ತೋರಿಸಿತು. ಕ್ಲಿಪ್‌ಗಳನ್ನೇ ಒಂದಕ್ಕೊಂದು ಕಚ್ಚಿಸಿದಾಗ 0.12 ಇತ್ತು. ಅದು ನನ್ನ ವೈರುಗಳ ಪಾಲು. ಉಳಿದ 0.23 ಬೋರ್ಡಿನ ಮೇಲೆ ಎಲ್ಲೋ ಶಾಖವಾಗುತ್ತಿದೆ.

ಎಲ್ಲಿ? ಬ್ರಷ್ಷಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಇನ್‌ಪುಟ್ ಭಾಗದ ಮೇಲೆ ತೆಳ್ಳಗೆ ಬಳಿದೆ. ಪಕ್ಕದಲ್ಲಿ ಬೆಂಕಿ ಇರಬಾರದು, ಐರನ್ ಆರಿಸಿರಬೇಕು. ಬೋರ್ಡೆಲ್ಲ ಒದ್ದೆಯಾಗಿ ಹೊಳೆಯುತ್ತಿರುವಾಗ ಕನೆಕ್ಟರಿನ ಪಕ್ಕದ ಒಂದು ಕಪ್ಪು ಡಯೋಡ್, ಅಕ್ಕಿಕಾಳಿಗಿಂತ ತುಸು ದೊಡ್ಡದು, ಅದೊಂದು ಮಾತ್ರ ಬೇಗ ಆರಿ ಮಂಕಾಯಿತು. ಸಿಡಿಲಿನ ಏಟನ್ನು ತಾನು ತಿಂದು ಬೋರ್ಡನ್ನು ಉಳಿಸುವ ಟಿ.ವಿ.ಎಸ್. ಡಯೋಡ್ ಅದು. ಬಿಚ್ಚಿ ತೆಗೆದ ಮೇಲೆ ಸಪ್ಲೈ 1.00 ವೋಲ್ಟಿಗೆ ಏರಿ, ಸಿ.ಸಿ. ಆರಿ ಸಿ.ವಿ. ಹತ್ತಿತು. ಹೊಸ ಡಯೋಡ್ ಹಾಕಿದೆ. ಅದಿಲ್ಲದೆಯೂ ಮಷೀನು ಓಡುತ್ತದೆ ಅಂತ ಹಾಗೇ ಬಿಟ್ಟರೆ ಮುಂದಿನ ಸಿಡಿಲಿಗೆ ಇಡೀ ಬೋರ್ಡೇ ಹೋಗುತ್ತದೆ. ಕೊನೆಗೆ 12 ವೋಲ್ಟ್, 0.2 ಆಂಪಿಯರ್ ಗಡಿ ಇಟ್ಟು ಕೊಟ್ಟೆ. ಒಂದೆರಡು ಸೆಕೆಂಡ್ ಸಿ.ಸಿ. ಮಿನುಗಿತು, ಆಮೇಲೆ ಟಿಕ್, ಟಿಕ್ ಅಂತ ಶುರುವಾಯಿತು. ಅವರು ಸಂಜೆ ಬಸ್ಸಿಗೇ ಹೊರಟರು.

ಆಲ್ಕೊಹಾಲ್ ಬಳಿದರೂ ಗೊತ್ತಾಗದಿದ್ದರೆ ಅದೇ 1 ಆಂಪಿಯರ್ ಹರಿಯುತ್ತಿರುವಾಗ ಮಲ್ಟಿಮೀಟರನ್ನು ಮಿಲಿವೋಲ್ಟಿನಲ್ಲಿಟ್ಟು, ಕನೆಕ್ಟರಿನಿಂದ ಶುರುಮಾಡಿ ಪ್ಲಸ್ ಮೈನಸ್ ನಡುವೆ ಒಂದೊಂದೇ ಭಾಗವನ್ನು ಅಳೆಯುತ್ತಾ ಹೋಗಿ. ಶಾರ್ಟ್ ಹತ್ತಿರವಾದಂತೆ ಅಂಕಿ ಇಳಿಯುತ್ತದೆ, ಅದನ್ನು ದಾಟಿದ ಮೇಲೆ ಇಳಿಯುವುದಿಲ್ಲ. ನಿಮ್ಮ ಬೋರ್ಡಿನ ಇನ್‌ಪುಟ್ ಭಾಗದ ಫೋಟೊ, ಕ್ಲಿಪ್ ಕಚ್ಚಿಸಿದಾಗ ಬಂದ ಅಂಕಿ, ಎರಡನ್ನೂ ಕೆಳಗೆ ಹಾಕಿ. ಯಾವ ಡಯೋಡ್ ಹಾಕಬೇಕು ಅಂತ ನೋಡಿ ಹೇಳುತ್ತೇನೆ.