ಆಗ ಸರ್ಕಾರ ಬೇಡ ಅಂತು, ಈಗ ನಾನೇ ಅನ್ಬೇಕು

(ಮನೆಯವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವಳು ಮಗಳು. ಬೆಂಗಳೂರಿನಲ್ಲಿ ಕೆಲಸ, ಮೂವತ್ತರ ಆಸುಪಾಸಿನ ವಯಸ್ಸು. ಹುಡುಗನನ್ನು ಎರಡೂ ಮನೆಯವರು ಒಪ್ಪಿದ್ದರು. ಜಾತಿ, ಜಾತಕ, ಕೊಡು-ಕೊಳ್ಳುವ ಮಾತು, ಯಾವುದರದ್ದೂ ತಕರಾರಿಲ್ಲ. ಜಗಳ ಇದ್ದದ್ದು ಎಷ್ಟು ಜನರನ್ನು ಕರೆಯಬೇಕು ಅನ್ನುವುದಕ್ಕೆ. ಅವಳ ಪಟ್ಟಿಯಲ್ಲಿ ಎರಡೂ ಕಡೆ ಸೇರಿ 60 ಜನ. ಅಪ್ಪನ ಲೆಕ್ಕದಲ್ಲಿ ಹೆಣ್ಣಿನ ಕಡೆಯವರೇ 600. ಅಪ್ಪ-ಮಗಳ ಮಾತು ನಿಂತುಹೋಗಿತ್ತು. ಅಮ್ಮ ಇಬ್ಬರಿಗೂ ಸುದ್ದಿ ಮುಟ್ಟಿಸುತ್ತಾ ಸುಸ್ತಾಗಿದ್ದರು.

'ನನ್ನ ಮದುವೆ, ನನ್ನ ದುಡ್ಡು. ಸಾಲ ಮಾಡೋದು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೀವಿ. ಇದರಲ್ಲಿ ತಪ್ಪೇನಿದೆ?' ಅಂತ ಕೇಳಿದಳು. ತಪ್ಪೇನೂ ಇರಲಿಲ್ಲ. ಆದರೆ ಅವಳು ಇದನ್ನೆಲ್ಲ ಅಪ್ಪನಿಗೆ ಹೇಳಿದ್ದು ಒಂದೇ ಸಾಲಿನಲ್ಲಿ: 'ಸಿಂಪಲ್ ಆಗಿ ಸಾಕು, ಆ ಜನ ಎಲ್ಲ ಬೇಡ.' 'ಆ ಜನ' ಅಂದರೆ ಅಪ್ಪನ ಜನ. ಮುಂದಿನ ಸಲ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರಲು ಹೇಳಿದೆ.

ತಂದೆ ಮಂಡ್ಯ ಕಡೆಯವರು, ನಿವೃತ್ತ ಕನ್ನಡ ಮೇಷ್ಟ್ರು. ಬರುವಾಗ ಬೈಂಡು ಹಾಕಿದ ಒಂದು ಹಳೆಯ ನೋಟ್‌ಬುಕ್ ತಂದಿದ್ದರು. ಮುಯ್ಯಿ ಪುಸ್ತಕ. ಯಾರ ಮದುವೆಗೆ 51, ಯಾರಿಗೆ 101, ಯಾರ ಗೃಹಪ್ರವೇಶಕ್ಕೆ ಸ್ಟೀಲ್ ಕೊಳಗ, ಎಲ್ಲ ದುಂಡಗಿನ ಅಕ್ಷರದಲ್ಲಿ. ಅದನ್ನು ನೋಡಿ ಮಗಳು ಮುಖ ತಿರುಗಿಸಿದಳು. ಅಪ್ಪ ಕೊಟ್ಟ ದುಡ್ಡು ವಾಪಸ್ ವಸೂಲಿ ಮಾಡೋಕೆ ಮದುವೆ ಮಾಡ್ತಿದ್ದಾರೆ ಅನ್ನುವುದು ಅವಳ ಸಿಟ್ಟು.

'ದುಡ್ಡಿಗಲ್ಲ ಕಣವ್ವ,' ಅಂದರು ಅವರು. 'ಇಷ್ಟು ಜನದ ಮನೇಲಿ ಉಂಡಿದ್ದೀನಿ. ನಮ್ಮನೇಲಿ ಅವ್ರು ಉಣ್ಣೋದು ಯಾವಾಗ?'

ಆಮೇಲೆ ದೊಡ್ಡ ಮಗಳ ಮದುವೆಯ ವಿಷಯ ಬಂತು. ಅದು 2020ರಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ನಡೆದದ್ದು. ಮದುವೆಗೆ 50 ಜನ ಮೀರಬಾರದು ಅಂತ ಕೇಂದ್ರದ ಮಾರ್ಗಸೂಚಿ ಇತ್ತಲ್ಲ, ಆಗ. ತಂಗಿಗೆ ಅದು ಕಂಡ ಮದುವೆಗಳಲ್ಲೇ ಚಂದದ್ದು. ಅಕ್ಕ ಎಲ್ಲರ ಜೊತೆ ಕೂತು ಉಂಡಳು, ವೇದಿಕೆ ಮೇಲೆ ಮೂರು ತಾಸು ನಿಂತು ಫೋಟೋಗೆ ನಗಬೇಕಾಗಲಿಲ್ಲ. ಅಪ್ಪನಿಗೆ ಅದೇ ಮದುವೆ ಕೈತಪ್ಪಿದ ಸಂಭ್ರಮ. ಒಬ್ಬಳದ್ದು ಹಾಗಾಯ್ತು, ಚಿಕ್ಕವಳದ್ದಕ್ಕೆ ಎಲ್ಲರನ್ನೂ ಕರೆಯೋಣ ಅಂತ ಆವತ್ತಿನಿಂದ ಕಾದಿದ್ದಾರೆ. ಇಬ್ಬರೂ ಒಂದೇ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎದುರುಬದುರು ನಿಂತಿದ್ದರು. ಅದು ಇಬ್ಬರಿಗೂ ಗೊತ್ತಿರಲಿಲ್ಲ.

'ಆಗ ಯಾರಾದರೂ ಬೇಜಾರು ಮಾಡಿಕೊಂಡರಾ ಮೇಷ್ಟ್ರೇ?' ಅಂತ ಕೇಳಿದೆ.

'ಒಬ್ರೂ ಇಲ್ಲ ಮೇಡಂ. ಆಗ ಸರ್ಕಾರ ಬೇಡ ಅಂತು. ಈಗ ನಾನೇ ಅನ್ಬೇಕು.'

ಸಣ್ಣ ಮದುವೆಯ ತಕರಾರು ಮುಕ್ಕಾಲು ಪಾಲು ಇಲ್ಲೇ ಇರುತ್ತದೆ ಅನ್ನುವುದು ನನ್ನ ಅನುಭವ. ಊಟ ತಪ್ಪಿತು ಅಂತ ಯಾರೂ ವರ್ಷಗಟ್ಟಲೆ ಮಾತು ಬಿಡುವುದಿಲ್ಲ. ಇಂಥವನು ಪಟ್ಟಿ ಹಿಡಿದು ಕೂತು ನನ್ನ ಹೆಸರಿನ ಮೇಲೆ ಗೆರೆ ಎಳೆದ ಅನ್ನುವುದೇ ಚುಚ್ಚುತ್ತದೆ. ಗೆರೆ ಎಳೆಯಲು ಹೇಳುವವಳು ಮಗಳು. ಊರಲ್ಲಿ ಮುಖ ತೋರಿಸಬೇಕಾದವರು ಅಪ್ಪ.

ಕುವೆಂಪು ಹೆಸರೂ ಬಂತು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದ್ದನ್ನು ಇದೇ ಮೇಷ್ಟ್ರು ಮಕ್ಕಳಿಗೆ ಹೇಳಿಕೊಟ್ಟವರು. ಮಗಳು ಅದನ್ನೇ ಎತ್ತಿ ಕುಟುಕಿದಳು. 'ಕುವೆಂಪು ನಮ್ಮನ್ನ ಕರೀಲಿಲ್ಲ ಅಂತ ಯಾರು ಕೇಳ್ತಾರಮ್ಮ? ನಾನೇನು ಕುವೆಂಪುನಾ?' ಅಂದರು. ನಾಲ್ವರೂ ನಕ್ಕೆವು. ಮಾತು ಸ್ವಲ್ಪ ಸಲೀಸಾಗಿದ್ದು ಆಮೇಲೆಯೇ.

ಅಮ್ಮನ ಭಯ ಬೇರೆ. 'ದೇವಸ್ಥಾನದಲ್ಲಿ ನಾಲ್ಕು ಜನ ನಿಂತು ಮದುವೆ ಆದ್ರೆ ಓಡಿಹೋಗಿ ಆದ್ಳು ಅಂತಾರೆ. ಇಲ್ಲಾ ಏನೋ ಮುಚ್ಚಿಡ್ತಿದ್ದಾರೆ ಅಂತಾರೆ.' ಈ ಮಾತನ್ನು ನಾನು ತಳ್ಳಿಹಾಕಲಿಲ್ಲ. ಊರಲ್ಲಿ ಹಾಗೆ ಅನ್ನುವವರು ಇದ್ದೇ ಇರುತ್ತಾರೆ. ಜೊತೆಗೆ ಮಗಳು ಸಿಟ್ಟಿನಲ್ಲಿ 'ರಿಜಿಸ್ಟರ್ ಮದುವೆ ಆಗಿಬಿಡ್ತೀನಿ, ಮೂರು ಸಾಕ್ಷಿ ಸಾಕು' ಅಂತ ಹೆದರಿಸಿದ್ದಳು. ಆ ದಾರಿ ಅವಳಂದುಕೊಂಡಷ್ಟು ದಿಢೀರ್ ಅಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಶಾಸ್ತ್ರದ ಮದುವೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯ ಕೆಳಗೆ ಆಮೇಲೆ ನೋಂದಣಿ ಮಾಡಿಸಬಹುದು. ಎಷ್ಟು ಜನ ಉಂಡರು ಅಂತ ಕಾನೂನು ಕೇಳುವುದಿಲ್ಲ. ಇಷ್ಟು ಹೇಳಿದ್ದಕ್ಕೆ ಅಮ್ಮನ ಅರ್ಧ ಗಾಬರಿ ಇಳಿಯಿತು.

ಸಂಖ್ಯೆಯ ಮೇಲೆ ಜಗಳ ಆಡುವುದನ್ನು ನಿಲ್ಲಿಸಿ ಅಂತ ಹೇಳಿದೆ. ಧಾರೆ ಎರೆಯುವ ಹೊತ್ತಲ್ಲಿ ನಿಮ್ಮ ಕಣ್ಣು ಯಾರನ್ನು ಹುಡುಕುತ್ತದೆ, ಅವರ ಹೆಸರು ಮಾತ್ರ ಬರೆಯಿರಿ ಅಂತ ಮೂವರಿಗೂ ಒಂದೊಂದು ಹಾಳೆ ಕೊಟ್ಟೆ. ಅಪ್ಪ ಬಹಳ ಹೊತ್ತು ತೆಗೆದುಕೊಂಡರು. ಬರೆದದ್ದು 19 ಹೆಸರು. ಅದರಲ್ಲಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು ಇದ್ದರು. ಮುಯ್ಯಿ ಪುಸ್ತಕದಲ್ಲಿ ದೊಡ್ಡ ಮೊತ್ತದ ಎದುರು ಇದ್ದ ಎಷ್ಟೋ ಹೆಸರು ಇರಲೇ ಇಲ್ಲ. ಅದನ್ನು ಓದಿ ಮಗಳು ಸುಮ್ಮನಾದಳು.

ಆ ಹೆಸರುಗಳ ಆಚೆಗೆ ಒಂದು ನಿಯಮ ಬೇಕು ಅಂದೆ. ನೆಂಟರನ್ನು ಒಂದೊಂದೇ ಹೆಸರಾಗಿ ಹೆಕ್ಕಬಾರದು. ಒಂದು ಸುತ್ತಿನ ನೆಂಟರನ್ನು ಕರೆದರೆ ಅಷ್ಟೂ ಜನರನ್ನು ಕರೆಯಬೇಕು, ಬಿಟ್ಟರೆ ಅಷ್ಟೂ ಜನರನ್ನು ಬಿಡಬೇಕು. ಅಪ್ಪ ಅಮ್ಮನ ಒಡಹುಟ್ಟಿದವರು, ಅವರ ಗಂಡ ಹೆಂಡತಿ, ಮಕ್ಕಳು, ಅಲ್ಲಿಗೆ ನಿಲ್ಲಿಸುವುದು. ಒಬ್ಬ ಸೋದರಮಾವನ ಭಾವಮೈದ ಬಂದು ಇನ್ನೊಬ್ಬನ ಕಡೆಯವರು ಬರದಿದ್ದರೆ ಅಲ್ಲಿಂದಲೇ ಕಿತ್ತಾಟ ಶುರು. ಗಂಡಿನ ಕಡೆಗೂ ಇದೇ ನಿಯಮ. ಮಗಳ ಸ್ನೇಹಿತರಿಗೂ ಇದೇ. ಆಫೀಸಿನ ಟೀಮಿನಿಂದ ಐದು ಜನ ಆರಿಸಿ ಇಟ್ಟಿದ್ದಳು, ಅದು ನಡೆಯುವುದಿಲ್ಲ ಅಂದೆ. ಮುಖ ಊದಿಸಿಕೊಂಡಳು. ಗೆರೆ ಎಳೆಯುವ ಕಷ್ಟ ಅವಳಿಗೂ ಸ್ವಲ್ಪ ತಾಗಲಿ ಅನ್ನುವುದು ನನ್ನ ಉದ್ದೇಶವೂ ಆಗಿತ್ತು. ಕೊನೆಗೆ ಆಫೀಸಿನವರನ್ನು ಪೂರ್ತಿ ಬಿಟ್ಟಳು.

ಕರೆಯದವರಿಗೆ ಹೇಳುವ ಕೆಲಸ ಮದುವೆಗೆ ಮೊದಲೇ ಆಗಬೇಕು. ಸ್ಟೇಟಸ್‌ನಲ್ಲಿ ಫೋಟೋ ನೋಡಿ ಗೊತ್ತಾಗುವುದಕ್ಕಿಂತ ಕೆಟ್ಟದ್ದಿಲ್ಲ. ಹಿರಿಯರು ಇರುವ ಮನೆಗಳಿಗೆ ಮಾತ್ರ ಖುದ್ದಾಗಿ ಹೋಗಿ, ಮಗಳೂ ಜೊತೆಗಿರಲಿ, ಬಾಯಿಬಿಟ್ಟು ಹೇಳುವವಳೂ ಅವಳೇ ಆಗಲಿ ಅಂದೆ. 'ಧಾರೆಗೆ ಮನೆಯವರಷ್ಟೇ ಇರ್ತೀವಿ ದೊಡ್ಡಮ್ಮ, ಇದು ನಾನೇ ಕೇಳಿಕೊಂಡದ್ದು, ಆಶೀರ್ವಾದಕ್ಕೆ ಬಂದೆ.' ಅಷ್ಟು ಸಾಕು. ಛತ್ರ ಸಿಗಲಿಲ್ಲ, ಪುರೋಹಿತರು ಹೇಳಿದರು ಅಂತೆಲ್ಲ ನೆಪ ಹೇಳಬಾರದು. ಸುಳ್ಳು ಸಿಕ್ಕಿಬಿದ್ದರೆ ಕರೆಯದೇ ಇದ್ದದ್ದಕ್ಕಿಂತ ಜಾಸ್ತಿ ನೋವು. ಉಳಿದವರಿಗೆ ಫೋನು ಸಾಕು, ಅದನ್ನು ಅಪ್ಪ ಮಾಡಲಿ.

ಚಪ್ಪರ ಮತ್ತು ಅರಿಶಿಣದ ಶಾಸ್ತ್ರವನ್ನು ಅಮ್ಮನಿಗೆ ಬಿಟ್ಟುಕೊಡಲು ಹೇಳಿದೆ. ಊರಿನ ಮನೆ ಮುಂದೆ ಚಪ್ಪರ ಎದ್ದು ಬೀದಿಯ ಹೆಂಗಸರೆಲ್ಲ ಬಂದು ಅರಿಶಿಣ ಹಚ್ಚಿದ ಮೇಲೆ ಓಡಿಹೋದಳು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಜಾಸ್ತಿ ಎಳೆದಾಡಿದ್ದು ಬೀಗರೂಟದ ಬಗ್ಗೆ. ಅಪ್ಪನಿಗೆ ಅದು ಬೇಕೇ ಬೇಕು. ಮಗಳಿಗೆ ಅದು ಹಿಂಬಾಗಿಲಿನಿಂದ ಬರುವ ದೊಡ್ಡ ಮದುವೆ. ಅವಳ ಅನುಮಾನ ಸುಳ್ಳಲ್ಲ. ಸಣ್ಣ ಮದುವೆ ಮಾಡುತ್ತೇವೆ ಅಂತ ಹೊರಟು ಎರಡು ರಿಸೆಪ್ಷನ್ ಮಾಡಿ ಸಾಲಗಾರರಾದವರನ್ನು ನೋಡಿದ್ದೇನೆ. ಹಾಗಾಗಿ ಷರತ್ತು ಹಾಕಿಸಿದೆ. ಊರಲ್ಲೇ ಒಂದು ಮಧ್ಯಾಹ್ನ, ಶಾಮಿಯಾನದ ಕೆಳಗೆ ಮುದ್ದೆ, ಮಟನ್ ಸಾರು, ಅನ್ನ. ವೇದಿಕೆ ಇಲ್ಲ, ಆರ್ಕೆಸ್ಟ್ರಾ ಇಲ್ಲ. ಖರ್ಚು ಅಪ್ಪನ ಪಿಂಚಣಿ ಉಳಿತಾಯದಲ್ಲಿ ಎಷ್ಟಾಗುತ್ತದೋ ಅಷ್ಟೇ, ಸಾಲ ಕೂಡದು. ಮಗಳು-ಅಳಿಯ ಬಡಿಸಲು ನಿಲ್ಲಬೇಕು. ಮಗಳು ಇನ್ನೊಂದು ಕೇಳಿದಳು: 'ಉಡುಗೊರೆ ಬೇಡ ಅಂತ ಹಾಕಿಸೋಣ.' ಇಲ್ಲಿ ನಾನು ಅಪ್ಪನ ಪಕ್ಷ ವಹಿಸಿದೆ. ಬೆಂಗಳೂರಿನ ಸ್ನೇಹಿತರಿಗೆ ಹಾಗೆ ಹೇಳಬಹುದು. ಊರಲ್ಲಿ ಮುಯ್ಯಿ ಬೇಡ ಅಂದರೆ ನಿನ್ನ ಋಣವೇ ಬೇಡ ಅಂದ ಹಾಗೆ. ಕೊಟ್ಟರೆ ತೆಗೆದುಕೊಳ್ಳಿ, ಪುಸ್ತಕದಲ್ಲಿ ಬರೆಯಿರಿ ಅಂದೆ. ಬರೆಯುವ ಕೆಲಸ ಮಗಳಿಗೇ ಬಂತು.

ಧಾರೆಗೆ ಸೇರಿದ್ದು 84 ಜನ. 60 ಅಲ್ಲ ಅಂತ ಅವಳು ಈಗಲೂ ಗೊಣಗುತ್ತಾಳೆ. ಎಲ್ಲವೂ ಸರಿಹೋಗಿಲ್ಲ. ತಂದೆಯ ದೊಡ್ಡಪ್ಪನ ಮಗ ಬೀಗರೂಟಕ್ಕೂ ಬರಲಿಲ್ಲ, ಫೋನ್ ತೆಗೆಯುತ್ತಿಲ್ಲ. ಮನೆಗೆ ಹೋಗಬೇಕಾದವರ ಪಟ್ಟಿಯಲ್ಲಿ ಇದ್ದ ಮನೆ ಅದು. ಸಮಯ ಸಾಲದೆ ಫೋನಿನಲ್ಲೇ ಮುಗಿಸಿದ್ದರಂತೆ. ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಗಂಡನ ಜೊತೆ ಹೋಗಿ ಬಾ, ಸಮಜಾಯಿಷಿ ಕೊಡಬೇಡ, ಬಡಿಸಿದ್ದನ್ನು ಉಂಡು ಬಾ ಅಂತ ಅವಳಿಗೆ ಹೇಳಿದ್ದೇನೆ.