ಮುಳುಗಿದ ಹಡಗು ನೋಡೋಕೆ ನನ್ನಂಥೋರಿಗೆ ಆಗುತ್ತಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಂದೇ ಒಂದ್ಸಲ ಸ್ಕೂಬಾ ಮಾಡಿದ್ದೆ. ಈಗ ಮನೆಯವರೆಲ್ಲ ಬಾಲಿಗೆ ಹೊರಟಿದ್ದೀವಿ. ಅಲ್ಲಿ ಮುಳುಗಿದ ಹಡಗು ಇದೆಯಂತೆ, ಸರ್ಟಿಫಿಕೇಟ್ ಇಲ್ದೆ ನೋಡ್ಬಹುದಾ? ಒಳಗೂ ಬಿಡ್ತಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೋಡ್ಬಹುದು, ದಯವಿಟ್ಟು ನೋಡ್ಕೊಂಡೇ ಬನ್ನಿ. ಅದು ತುಲಂಬೆನ್ ಊರಿನ ಲಿಬರ್ಟಿ ಹಡಗು. ದೋಣಿ ಬೇಡ, ದಡದಿಂದಲೇ ನೀರಿಗಿಳಿಯೋದು, ಆದ್ರೆ ದಡ ಪೂರ್ತಿ ಗುಂಡುಕಲ್ಲು, ಅಲೆ ಬಂದಾಗ ಕಾಲಡಿ ಉರುಳ್ತವೆ, ಇನ್‌ಸ್ಟ್ರಕ್ಟರ್ ಕೈ ಹಿಡ್ಕೊಂಡು ಇಳೀರಿ. ಅಲ್ಲಿನ ಹೆಣ್ಮಕ್ಕಳು ಅದೇ ಕಲ್ಲಿನ ಮೇಲೆ ಡೈವಿಂಗ್‌ನ ಗಾಳಿ ಸಿಲಿಂಡರ್ ತಲೆ ಮೇಲೆ ಹೊತ್ಕೊಂಡು ಬರ್ತಾರೆ, ನೋಡಿ ಕೈ ಮುಗೀಬೇಕು ಅನ್ಸುತ್ತೆ.

ಅಮೆರಿಕದ ಸರಕು ಹಡಗು ಅದು, 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪೆಡೊ ಹೊಡೀತು, ಸಿಂಗರಾಜ ಬಂದರಿಗೆ ಎಳ್ಕೊಂಡು ಹೋಗ್ತಿದ್ದಾಗ ನೀರು ತುಂಬಿ ಈ ದಡಕ್ಕೆ ಹತ್ತಿಸಿದ್ರು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದು ನೆಲ ನಡುಗಿದಾಗ ಜಾರಿ ಸಮುದ್ರ ಸೇರ್ತು. ಈಗ ಮೇಲಿನ ಭಾಗ ಐದಾರು ಮೀಟರ್‌ಗೇ ಸಿಗುತ್ತೆ, ತಳ 30 ಮೀಟರ್ ಹತ್ರ. ಸರ್ಟಿಫಿಕೇಟ್ ಇಲ್ಲದ ನಿಮಗೆ 12 ಮೀಟರ್ ಆಳ ದಾಟೋಕೆ ಬಿಡಲ್ಲ, ಅಷ್ಟೇ ಸಾಕು ಕೂಡ.

ಸುತ್ತ ಬರೀ ಕಪ್ಪು ಮರಳು, ಹವಳಕ್ಕೆ ಸ್ಪಂಜಿಗೆ ಬೇರೂರೋಕೆ ಗಟ್ಟಿ ಜಾಗ ಅಂದ್ರೆ ಈ ಕಬ್ಬಿಣ ಒಂದೇ, ಅದಕ್ಕೇ ಇಂಚೂ ಬಿಡದೆ ಬೆಳೆದಿವೆ. ಮರಳಲ್ಲಿ ಗಾರ್ಡನ್ ಈಲ್ ಅಂತ ಸಣ್ಣ ಹಾವುಮೀನು, ಹೆಸರುಕಾಳಿನ ಮೊಳಕೆ ಥರ ನೂರಾರು ಎದ್ದು ನಿಂತಿರ್ತವೆ, ನೀವು ಹತ್ರ ಹೋದ ಹಾಗೆ ಒಂದೊಂದೇ ಒಳಗೆ ಇಳೀತವೆ. ಉಸಿರು ನಿಧಾನ ಮಾಡಿ ಅಲುಗಾಡದೆ ಇರಿ, ಮತ್ತೆ ಬರ್ತವೆ. ಯಾವುದನ್ನೂ ಮುಟ್ಬೇಡಿ, ಕಾಲಿಗೆ ಹಾಕೋ ಫಿನ್ ತಗುಲಿದ್ರೂ ವರ್ಷಗಟ್ಟಲೆ ಬೆಳೆದ ಹವಳ ಮುರಿದು ಹೋಗುತ್ತೆ.

ಒಳಗೆ ಹೋಗೋದು ಬೇಡ. ತುಕ್ಕು ಹಿಡಿದ ಕಬ್ಬಿಣ, ನಿಮ್ಮ ಉಸಿರಾಟದ ಪೈಪ್ ಸಿಕ್ಕಿಹಾಕ್ಕೊಂಡ್ರೆ ಗಾಬರಿ ಆಗುತ್ತೆ, ಅದಕ್ಕೆ ಬೇರೆ ಟ್ರೇನಿಂಗೇ ಇದೆ. ಇನ್ನೊಂದು, ಡೈವ್ ಮಾಡಿದ ದಿನವೇ ಕಿಂತಾಮಣಿ ಬೆಟ್ಟಕ್ಕೆ ಪ್ಲಾನ್ ಹಾಕ್ಬೇಡಿ (ನಮ್ಮ ಚಿಂತಾಮಣಿ ಅಲ್ಲ, ಬಾಲಿಯದು), ಡೈವ್ ಮಾಡುವಾಗ ರಕ್ತದಲ್ಲಿ ಕರಗಿರೋ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆ ಆಗ್ಬಹುದು. ಫ್ಲೈಟ್‌ಗೂ ಕನಿಷ್ಠ 18 ಗಂಟೆ ಗ್ಯಾಪ್ ಇರಲಿ.

ಸಾಧ್ಯವಾದ್ರೆ ಡೈವ್‌ನ ಹಿಂದಿನ ರಾತ್ರಿ ತುಲಂಬೆನ್‌ನಲ್ಲೇ ಉಳ್ಕೊಳ್ಳಿ. ಬೇರೆ ಕಡೆಯಿಂದ ಗಾಡಿಗಳು ಬರೋಕೆ ಮುಂಚೆ, ಬೆಳಗ್ಗೆ ಆರಕ್ಕೆ ಇಳಿದ್ರೆ, ರಾತ್ರಿಯೆಲ್ಲ ಹಡಗಲ್ಲಿ ಮಲಗಿದ್ದ ಹಣೆ ಉಬ್ಬಿದ ದೊಡ್ಡ ಗಿಳಿಮೀನುಗಳು ಗುಂಪಾಗಿ ಹೊರಡೋದು ಸಿಕ್ಕರೂ ಸಿಗಬಹುದು.